ಬೆಂಗಳೂರಿನ ತಿಂಡಿ–ಊಟದ ಹೋಟೆಲುಗಳು

ಬೆಂಗಳೂರು ನಗರದಲ್ಲಿ ಬೆಳಗಿನ ತಿಂಡಿ, ಕಾಫಿ ಮತ್ತು ಮಧ್ಯಾಹ್ನದ ಊಟವನ್ನು ಸಾಮಾನ್ಯರ ಕೈಗೆಟಕುವ ದರದಲ್ಲಿ ಒದಗಿಸುವ ಉಪಾಹಾರ ಗೃಹಗಳು. ಹಳೆಯ ಟಿಫನ್ ರೂಮುಗಳು, ಉಡುಪಿ ಹೋಟೆಲುಗಳು, ನಿಂತು ತಿನ್ನುವ ದರ್ಶಿನಿಗಳು, ಮಾಂಸಾಹಾರದ ಮಿಲಿಟರಿ ಹೋಟೆಲುಗಳು, ಉತ್ತರ ಕರ್ನಾಟಕದ ಖಾನಾವಳಿಗಳು, ಮೆಸ್ಸುಗಳು, ರಸ್ತೆ ಬದಿಯ ತಳ್ಳುಗಾಡಿಗಳು, ಸರ್ಕಾರದ ಇಂದಿರಾ ಕ್ಯಾಂಟೀನುಗಳು ಈ ಗುಂಪಿಗೆ ಸೇರುತ್ತವೆ. ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದವರು ಕಟ್ಟಿದ ಈ ನಗರದಲ್ಲಿ ಹೊಟ್ಟೆಯ ಹೊಣೆ ಹೊತ್ತಿರುವುದು ಬಹುಮಟ್ಟಿಗೆ ಇವೇ. ಐಟಂ ಕಡಿಮೆ, ಜಾಗ ಚಿಕ್ಕದು, ಗಿರಾಕಿ ಹೆಚ್ಚು ಎಂಬ ಸರಳ ಲೆಕ್ಕಾಚಾರದ ಮೇಲೆ ಇವುಗಳ ಅಗ್ಗದ ದರವೂ ರುಚಿಯೂ ನಿಂತಿವೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಹೊರಗೆ ಉಣ್ಣುವುದು ಬೆಂಗಳೂರಿನ ಮಧ್ಯಮ ವರ್ಗಕ್ಕೆ ರೂಢಿಯ ಮಾತಾಗಿರಲಿಲ್ಲ. ಪ್ರಯಾಣಿಕರು ಛತ್ರಗಳಲ್ಲಿ ತಂಗುತ್ತಿದ್ದರು, ಇಲ್ಲವೇ ನೆಂಟರ ಮನೆ ಸೇರುತ್ತಿದ್ದರು. ಕಚೇರಿ, ಕಾರ್ಖಾನೆ, ಕಾಲೇಜುಗಳು ಬೆಳೆದಂತೆ ಮನೆಯಿಂದ ದೂರ ಉಳಿದು ದುಡಿಯುವವರ, ಓದುವವರ ಸಂಖ್ಯೆ ಏರಿತು. ಅವರಿಗೆ ಶುಚಿಯಾದ, ನಂಬಿ ತಿನ್ನಬಹುದಾದ ತಿಂಡಿ ಬೇಕಿತ್ತು.

ಆ ಅಗತ್ಯವನ್ನು ತುಂಬಿದವರಲ್ಲಿ ಕರಾವಳಿಯವರು ಮೊದಲಿಗರು. ಉಡುಪಿ, ಕುಂದಾಪುರ, ಸಾಲಿಗ್ರಾಮ, ಕೋಟ ಸುತ್ತಿನ ಹಳ್ಳಿಗಳಿಂದ ಚಿಕ್ಕ ವಯಸ್ಸಿನಲ್ಲೇ ಘಟ್ಟ ಹತ್ತಿ ಬಂದ ಹುಡುಗರು ಲೋಟ ತೊಳೆಯುವುದರಿಂದ ಕೆಲಸ ಆರಂಭಿಸಿ, ಸಪ್ಲೈಯರ್ ಆಗಿ, ಅಡುಗೆ ಕಲಿತು, ಕೊನೆಗೆ ಗಲ್ಲಾದ ಮೇಲೆ ಕೂತರು. ಮಠ–ದೇವಸ್ಥಾನಗಳಲ್ಲಿ ಸಾವಿರಾರು ಜನರಿಗೆ ಅಡುಗೆ ಮಾಡಿ ಬಡಿಸಿದ ಅನುಭವ ಅಲ್ಲಿನ ಕುಟುಂಬಗಳಿಗೆ ಮೊದಲೇ ಇತ್ತು. ತುಂಡು ಜಮೀನು, ದೊಡ್ಡ ಕುಟುಂಬ, 1923ರ ನೇತ್ರಾವತಿ ನೆರೆಯಂಥ ವಿಪತ್ತುಗಳು ಕರಾವಳಿಯಿಂದ ಹೊರಡುವಂತೆ ಮಾಡಿದವು. ಮುಂದೆ 1974ರ ಭೂಸುಧಾರಣೆಯ ನಂತರ ಗೇಣಿಯ ವರಮಾನ ಕಳೆದುಕೊಂಡ ಮನೆಗಳಿಂದಲೂ ಮಕ್ಕಳು ಹೋಟೆಲು ಕೆಲಸ ಅರಸಿ ಬಂದರು.

ಹಳೆಯ ಟಿಫನ್ ರೂಮುಗಳು

ಇಂದಿಗೂ ನಡೆಯುತ್ತಿರುವ ಹಳೆಯ ಹೋಟೆಲುಗಳಲ್ಲಿ ಮಾವಳ್ಳಿ ಟಿಫನ್ ರೂಮ್ಸ್ ಪ್ರಮುಖವಾದುದು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯ ಮತ್ತು ಅವರ ಸೋದರರು 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. 1951ರಲ್ಲಿ ಯುರೋಪು ಸುತ್ತಿ ಬಂದ ಮಯ್ಯರು ಅಲ್ಲಿನ ಹೋಟೆಲುಗಳ ಶುಚಿತ್ವ, ಶಿಸ್ತುಗಳನ್ನು ಗಮನಿಸಿ ತಮ್ಮ ಅಡುಗೆಮನೆಗೂ ತಂದರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿಯ ಹುಟ್ಟು ಎಂದು ಈ ಹೋಟೆಲು ಹೇಳಿಕೊಳ್ಳುತ್ತದೆ. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಗಳ ದರಕ್ಕೆ ಸರ್ಕಾರ ಮಿತಿ ಹಾಕಿದಾಗ, ಗುಣಮಟ್ಟ ಇಳಿಸಲು ಒಪ್ಪದೆ ಹೋಟೆಲನ್ನು ಕೆಲಕಾಲ ಮುಚ್ಚಲಾಯಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಆಗ ಕೈಗೊಂಡ ಸಿದ್ಧ ಮಿಶ್ರಣಗಳ ತಯಾರಿಕೆ ದೊಡ್ಡ ಉದ್ಯಮವಾಗಿ ಬೆಳೆಯಿತು. 2007ರಲ್ಲಿ ಆ ಪೊಟ್ಟಣ ಆಹಾರದ ಉದ್ಯಮವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಹೋಟೆಲು ಮಾತ್ರ ಕುಟುಂಬದ ಕೈಯಲ್ಲೇ ಉಳಿಯಿತು.

ಬಸವನಗುಡಿಯ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ ಸುತ್ತಲಿನ ಶಾಲೆ–ಕಾಲೇಜುಗಳ ಹುಡುಗರನ್ನು ನೆಚ್ಚಿಕೊಂಡು ಹುಟ್ಟಿದ್ದು. 1970ರಲ್ಲಿ ರಾಮಕೃಷ್ಣ ಅಡಿಗರು ಇದನ್ನು ವಹಿಸಿಕೊಂಡರು. ಹೊರಗೆ ಗರಿಗರಿ, ಒಳಗೆ ಮೆತ್ತಗಿರುವ ಇಲ್ಲಿನ ಮಸಾಲೆ ದೋಸೆಗೆ ತೆಳುವಾದ ಚಟ್ನಿಯೇ ಜೊತೆ. ಒಂದೇ ಕೈಯ ಮೇಲೆ ತಟ್ಟೆಯ ಮೇಲೆ ತಟ್ಟೆ ಪೇರಿಸಿಕೊಂಡು ಮೇಜಿನಿಂದ ಮೇಜಿಗೆ ಸಾಗುವ ಸಪ್ಲೈಯರುಗಳ ಕೌಶಲ ಈ ಹೋಟೆಲಿನ ಗುರುತು. ಈ ಹೋಟೆಲನ್ನೇ ವಸ್ತುವಾಗಿಸಿಕೊಂಡ ಕನ್ನಡ ನಾಟಕವೂ ರಂಗಕ್ಕೆ ಬಂದಿದೆ.

ಮಲ್ಲೇಶ್ವರದಲ್ಲಿ ಜನ ಇಂದಿಗೂ ಸಿಟಿಆರ್ ಎಂದೇ ಕರೆಯುವ ಶ್ರೀ ಸಾಗರ್ ಬೆಣ್ಣೆ ಮಸಾಲೆ ದೋಸೆಗೆ ಹೆಸರಾಗಿದೆ. 1977ರಲ್ಲಿ ಆರಂಭವಾದ ವೀಣಾ ಸ್ಟೋರ್ಸ್ ಇಡ್ಲಿಗೆ ಪ್ರಸಿದ್ಧ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನಕ್ಕೆ ಜನ ಸಾಗು ದೋಸೆ ಹುಡುಕಿಕೊಂಡು ಹೋಗುತ್ತಾರೆ. ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ಗಳಂಥ ಬೆರಳೆಣಿಕೆಯ ತಿಂಡಿಗಳನ್ನೇ ನೆಚ್ಚಿ ನಡೆದುಬಂದಿದೆ. ಅಲ್ಲಿ ಸಾಂಬಾರಿಲ್ಲ. ಕೌಂಟರಿನ ಬಳಿ ಚಟ್ನಿ ಹಾಕಲೆಂದೇ ಒಬ್ಬರು ನಿಂತಿರುತ್ತಾರೆ. ತಟ್ಟೆ ಹಿಡಿದು ಎಷ್ಟು ಸಲ ಹೋದರೂ ಇಡ್ಲಿ ಮುಳುಗುವಷ್ಟು ಚಟ್ನಿ ಸುರಿಯುತ್ತಾರೆ.

ಕಾಫಿ ಮಂಡಳಿಯಿಂದ ಕೆಲಸ ಕಳೆದುಕೊಂಡ ನೌಕರರು ಸೇರಿ ಕಟ್ಟಿದ ಸಹಕಾರ ಸಂಘದ ಇಂಡಿಯಾ ಕಾಫಿ ಹೌಸ್ ಇನ್ನೊಂದು ಬಗೆಯದು. ಮಹಾತ್ಮ ಗಾಂಧಿ ರಸ್ತೆಯಲ್ಲಿ ದಶಕಗಳ ಕಾಲ ಇದ್ದ ಅದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು.

ದರ್ಶಿನಿಗಳು

1980ರ ದಶಕದಲ್ಲಿ ನಗರ ಹೊರವಲಯಗಳಿಗೆ ಹಬ್ಬಿ, ಜಾಗದ ಬಾಡಿಗೆ ಏರಿ, ಜನರಿಗೆ ಕೂತು ತಿನ್ನುವಷ್ಟು ವ್ಯವಧಾನ ಕಡಿಮೆಯಾದಾಗ ಹೊಸ ಮಾದರಿಯೊಂದು ಹುಟ್ಟಿತು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಆರಂಭಿಸಿದ ಕೆಫೆ ದರ್ಶಿನಿ ಇದರ ಮೊದಲ ಮಾದರಿ. ವಿದೇಶದ ಫಾಸ್ಟ್‌ಫುಡ್ ಅಂಗಡಿಗಳ ವೇಗವನ್ನು ಉಡುಪಿ ಅಡುಗೆಯ ರುಚಿಗೆ ಅವರು ಜೋಡಿಸಿದರು. ಅಲ್ಲಿಂದಾಚೆಗೆ ಹೆಸರಿನ ಕೊನೆಯಲ್ಲಿ ದರ್ಶಿನಿ, ಸಾಗರ್, ಉಪಾಹಾರ ಎಂಬ ಪದಗಳನ್ನು ಹೊತ್ತ ಹೋಟೆಲುಗಳು ಬಡಾವಣೆ ಬಡಾವಣೆಗೂ ಬಂದವು.

ದರ್ಶಿನಿಯ ವ್ಯವಸ್ಥೆ ಬಹಳ ಚೊಕ್ಕವಾದದ್ದು. ಬಾಗಿಲಲ್ಲೇ ಕ್ಯಾಷ್ ಕೌಂಟರು. ಮೊದಲು ದುಡ್ಡು, ಆಮೇಲೆ ಟೋಕನ್. ಟೋಕನ್ನನ್ನು ಅಡುಗೆಯ ಕೌಂಟರಿನಲ್ಲಿಟ್ಟರೆ ಇಡ್ಲಿ–ವಡೆ ಕೂಡಲೇ, ದೋಸೆ ಕೆಲವೇ ನಿಮಿಷಗಳಲ್ಲಿ ಕೈಗೆ ಬರುತ್ತದೆ. ಕಾಫಿಗೆ ಬೇರೆ ಕೌಂಟರು. ಅಡುಗೆಮನೆ ಗಿರಾಕಿಯ ಕಣ್ಣೆದುರಿಗೇ ಇರುತ್ತದೆ. ಹಿಟ್ಟು, ಎಣ್ಣೆ, ಬಡಿಸುವ ಕೈ ಎಲ್ಲವೂ ಕಾಣುತ್ತವೆ. ಎದೆಮಟ್ಟದ ಉದ್ದನೆಯ ಗ್ರಾನೈಟ್ ಕಟ್ಟೆ ಅಥವಾ ಎತ್ತರದ ದುಂಡು ಸ್ಟೀಲ್ ಮೇಜಿನ ಮುಂದೆ ನಿಂತು ತಿಂದು, ತಟ್ಟೆಯನ್ನು ಟಬ್ಬಿಗೆ ಹಾಕಿ ಹೊರಡುವುದು ರೂಢಿ. ಕುರ್ಚಿ ಇಲ್ಲದಿರುವುದರಿಂದ ಒಬ್ಬ ಗಿರಾಕಿ ಹತ್ತು–ಹದಿನೈದು ನಿಮಿಷಕ್ಕಿಂತ ಹೆಚ್ಚು ಜಾಗ ಹಿಡಿಯುವುದಿಲ್ಲ, ಸಪ್ಲೈಯರ್ ಬೇಕಾಗುವುದಿಲ್ಲ, ಟಿಪ್ಸ್ ಕೊಡುವ ಮಾತೇ ಇಲ್ಲ. ಬೇಕೆಂದವರಿಗೆ ಪಾರ್ಸೆಲ್ ಕಟ್ಟಿಕೊಡುವುದೂ ಇದೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ‘ಬೈ ಟೂ’ ಪದ್ಧತಿಯನ್ನು ಹೆಚ್ಚಿನ ದರ್ಶಿನಿಗಳು ಬೇಡವೆನ್ನುವುದಿಲ್ಲ.

ತಿಂಡಿಗಳು

ಬೆಳಗಿನ ಆರು–ಆರೂವರೆಗೆ ಬಾಗಿಲು ತೆರೆದಾಗ ಮೊದಲು ಸಿದ್ಧವಾಗುವುದು ಇಡ್ಲಿ. ಹಿಂದಿನ ಸಂಜೆ ಉದ್ದನ್ನು ಗ್ರೈಂಡರಿನಲ್ಲಿ ರುಬ್ಬಿ, ಅಕ್ಕಿ ತರಿ ಬೆರೆಸಿ ಇಡೀ ರಾತ್ರಿ ಹುದುಗಲು ಬಿಟ್ಟಿರುತ್ತಾರೆ. ಗುಂಡಿ ಇರುವ ತಟ್ಟೆಗಳ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುವುದು ಹಳೆಯ ಕ್ರಮ. ಬಟ್ಟೆ ಎಳೆದರೆ ಇಡ್ಲಿ ಮುರಿಯದೆ ಬರುತ್ತದೆ. ಕೆಲವು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು ತಪಾಸಣೆಯಲ್ಲಿ ಕಂಡುಬಂದಾಗ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಬಿಡದಿ ಮತ್ತು ತುಮಕೂರು ಬಳಿಯ ಕ್ಯಾತ್ಸಂದ್ರಗಳಲ್ಲಿ ಹೆಸರಾದ ತಟ್ಟೆ ಇಡ್ಲಿ ಈಗ ನಗರದ ಎಲ್ಲ ಕಡೆ ಸಿಗುತ್ತದೆ. ಅಗಲ ತಟ್ಟೆಯಲ್ಲಿ ಬೇಯುವ ಈ ಇಡ್ಲಿಯ ಮೇಲೆ ಒಂದು ಮುದ್ದೆ ಬೆಣ್ಣೆ ಇಡುವುದು ವಾಡಿಕೆ.

ದೋಸೆಯ ರುಚಿ ಹಿಟ್ಟಿನಷ್ಟೇ ಕಾವಲಿಯನ್ನೂ ಅವಲಂಬಿಸಿದೆ. ದಪ್ಪ ಕಬ್ಬಿಣದ ಅಗಲ ಕಾವಲಿಯಲ್ಲಿ ಒಂದೇ ಸಲಕ್ಕೆ ಹತ್ತಾರು ದೋಸೆ ಬೇಯುತ್ತವೆ. ಒಂದು ಸುತ್ತು ಮುಗಿದ ಕೂಡಲೇ ದೋಸೆ ಭಟ್ಟರು ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸುತ್ತಾರೆ. ನೀರು ಬಿದ್ದಾಗ ಕಾವಲಿಯ ಬಿಸಿ ಹದಕ್ಕೆ ಇಳಿಯುತ್ತದೆ. ಇಲ್ಲವಾದರೆ ಹಿಟ್ಟು ಹರಡುವ ಮೊದಲೇ ಅಂಟಿಕೊಳ್ಳುತ್ತದೆ. ಆಮೇಲೆ ಸಾಲಾಗಿ ಹಿಟ್ಟು ಹುಯ್ದು, ಬಟ್ಟಲಿನ ತಳದಿಂದ ಸುತ್ತಿ, ತುಪ್ಪ ಅಥವಾ ಬೆಣ್ಣೆ ಬಿಟ್ಟು, ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು ಮಡಿಸುತ್ತಾರೆ. ಒಳಗೆ ಕೆಂಪು ಚಟ್ನಿ ಸವರುವುದು ಮೈಸೂರು–ಬೆಂಗಳೂರು ಸೀಮೆಯ ಮಸಾಲೆ ದೋಸೆಯ ಲಕ್ಷಣ. ದಾವಣಗೆರೆಯ ಬೆಣ್ಣೆ ದೋಸೆ ಬೇರೆಯೇ ಬಗೆ. ಅದನ್ನು ಮಾಡುವ ಅಂಗಡಿಗಳೂ ಬೆಂಗಳೂರಿನಲ್ಲಿ ಸಾಕಷ್ಟಿವೆ.

ಖಾರಾಬಾತ್ ಮತ್ತು ಕೇಸರಿಬಾತ್‌ಗಳನ್ನು ಒಂದೇ ತಟ್ಟೆಯಲ್ಲಿ ಬಟ್ಟಲಿನಿಂದ ಬೋರಲು ಹಾಕಿ ಕೊಟ್ಟರೆ ಚೌ ಚೌ ಬಾತ್. ಉದ್ದಿನ ವಡೆ, ಪೂರಿ–ಸಾಗು, ಸೆಟ್ ದೋಸೆ, ಖಾಲಿ ದೋಸೆ, ರವೆ ದೋಸೆ, ಅಕ್ಕಿ ರೊಟ್ಟಿ, ಪೊಂಗಲ್, ಶಾವಿಗೆ ಬಾತ್ ದಿನದ ಪಟ್ಟಿಯಲ್ಲಿರುತ್ತವೆ. ಮಲ್ಲೇಶ್ವರದ ಹಳ್ಳಿ ಮನೆಯಂಥ ಹೋಟೆಲುಗಳು ಅಕ್ಕಿ ರೊಟ್ಟಿ, ರಾಗಿ ರೊಟ್ಟಿಗಳಿಗೆ ಮನ್ನಣೆ ತಂದವು. ಜಯನಗರದ ತಾಜಾ ತಿಂಡಿ ಚಿಕ್ಕ ಪಟ್ಟಿ, ಕಡಿಮೆ ದರಗಳಿಗೆ ಹೆಸರಾಗಿದೆ. ಬೆಂಗಳೂರಿನ ಸಾಂಬಾರಿಗೆ ಬೆಲ್ಲದ ಚೂರು ಬಿದ್ದು ತುಸು ಸಿಹಿ ಹತ್ತಿರುತ್ತದೆ. ಚಟ್ನಿಗೆ ತೆಂಗಿನಕಾಯಿಯ ಜೊತೆ ಹುರಿಗಡಲೆ ಸೇರುತ್ತದೆ. ಇದು ರುಚಿಗೂ ಹೌದು, ತೆಂಗಿನಕಾಯಿಯ ಖರ್ಚು ತಗ್ಗಿಸಲೂ ಹೌದು.

ತಿಂಡಿ ಮುಗಿಯುವುದು ಫಿಲ್ಟರ್ ಕಾಫಿಯಿಂದ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳು ಹತ್ತಿರವಿರುವುದು ಈ ನಗರದ ಭಾಗ್ಯ. ಚಿಕೋರಿ ಬೆರೆತ ಪುಡಿಯ ಗಟ್ಟಿ ಡಿಕಾಕ್ಷನ್ನನ್ನು ಲೋಟಕ್ಕೆ ಅಳತೆಯಿಂದ ಹಾಕಿ, ಕುದಿಯುವ ಹಾಲನ್ನು ಮೇಲಿನಿಂದ ಹುಯ್ದು ನೊರೆ ಬರಿಸುತ್ತಾರೆ.

ಮಧ್ಯಾಹ್ನದ ಊಟ

ಹನ್ನೆರಡರ ಹೊತ್ತಿಗೆ ದೋಸೆಯ ಭರಾಟೆ ತಗ್ಗಿ ಅನ್ನದ ಬಗೆಗಳು ಕೌಂಟರಿಗೆ ಬರುತ್ತವೆ. ಬಿಸಿಬೇಳೆ ಬಾತ್, ವಾಂಗಿಬಾತ್, ಪುಳಿಯೋಗರೆ, ಚಿತ್ರಾನ್ನ, ಪಲಾವ್, ಮೊಸರನ್ನಗಳಲ್ಲಿ ಒಂದೋ ಎರಡೋ ವಾರದ ದಿನಕ್ಕೆ ತಕ್ಕಂತೆ ಇರುತ್ತವೆ. ಅವಸರದವರು ‘ರೈಸ್ ಬಾತ್’ ಕೊಂಡು ನಿಂತೇ ಮುಗಿಸುತ್ತಾರೆ. ಹೊಟ್ಟೆ ತುಂಬ ಉಣ್ಣುವವರಿಗೆ ಮಿನಿ ಮೀಲ್ಸ್, ಪ್ಲೇಟ್ ಮೀಲ್ಸ್ ಇವೆ: ಚಪಾತಿ ಅಥವಾ ಪೂರಿ, ಪಲ್ಯ, ಸಾಗು, ಅನ್ನ, ಸಾಂಬಾರು, ತಿಳಿಸಾರು, ಮೊಸರು, ಹಪ್ಪಳ, ಒಂದು ಸಿಹಿ. ಬಾಳೆ ಎಲೆಯಲ್ಲಿ ಬಡಿಸುವ ಫುಲ್ ಮೀಲ್ಸ್‌ಗೆ ಕೂತು ಉಣ್ಣುವ ಹಳೆಯ ಹೋಟೆಲೇ ಬೇಕು. ಮುದ್ದೆ ಊಟಕ್ಕೆ ಬೇರೆಯದೇ ಗಿರಾಕಿ ಬಳಗವಿದೆ. ಬಿಸಿ ರಾಗಿ ಮುದ್ದೆಯ ಜೊತೆ ಬಸ್ಸಾರು, ಉಪ್ಸಾರು, ಸೊಪ್ಪಿನ ಸಾರು ದಿನಕ್ಕೊಂದು. ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್–ಜನವರಿಯಲ್ಲಿ, ಹಿತಕಿದ ಬೇಳೆ ಸಾರು ಎಲ್ಲವನ್ನೂ ಹಿಂದಿಕ್ಕುತ್ತದೆ.

ಮಿಲಿಟರಿ ಹೋಟೆಲುಗಳು

ಮಾಂಸದೂಟದ ಅಗ್ಗದ ಹೋಟೆಲುಗಳಿಗೆ ಬೆಂಗಳೂರಿನಲ್ಲಿ ಮಿಲಿಟರಿ ಹೋಟೆಲೆಂಬ ಹೆಸರು ನಿಂತಿದೆ. ಮರಾಠ ಮೂಲದ ಕುಟುಂಬಗಳು ನಡೆಸಿದ ಹಳೆಯ ಹೋಟೆಲುಗಳು ಇವುಗಳಲ್ಲಿ ಮುಂದು. ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಮಿಲಿಟರಿ ಹೋಟೆಲು 1908ರಿಂದ ಇದೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲು ದೊನ್ನೆ ಬಿರಿಯಾನಿಗೆ ಪ್ರಸಿದ್ಧ. ಇದಕ್ಕೆ ಬಳಸುವುದು ಸಣ್ಣ ಜೀರಿಗೆ ಅಕ್ಕಿ. ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿಗಳ ಮಸಾಲೆಯಿಂದ ಅನ್ನ ತಿಳಿ ಹಸಿರಾಗಿ ಕಾಣುತ್ತದೆ. ಒಣಗಿದ ಎಲೆ ಅಥವಾ ಹಾಳೆಯ ದೊನ್ನೆಯಲ್ಲಿ ತುಂಬಿ ಕೊಡುತ್ತಾರೆ. ಒಕ್ಕಲಿಗ ಸಮುದಾಯದವರು ನಡೆಸುವ ಮಿಲಿಟರಿ ಹೋಟೆಲುಗಳಲ್ಲಿ ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ತಲೆ ಮಾಂಸ ಮುಖ್ಯ. ಹಲವು ಕಡೆ ಬೆಳಗ್ಗೆಯೇ ಕಾಲು ಸೂಪು, ಇಡ್ಲಿಗೆ ಖೀಮಾ ಸಿಗುತ್ತದೆ. ಭಾರ ಹೊರುವ ದುಡಿಮೆಯವರಿಗೆ, ಮಾರುಕಟ್ಟೆಯ ವ್ಯಾಪಾರಿಗಳಿಗೆ ದಿನದ ಮೊದಲ ಊಟ ಇದೇ. ಬೆಂಗಳೂರಿನ ಹೋಟೆಲು ಪರಂಪರೆಯೆಂದರೆ ಇಡ್ಲಿ–ದೋಸೆ ಮಾತ್ರ ಎಂದುಕೊಳ್ಳುವವರು ಇವುಗಳನ್ನು ಮರೆಯಬಾರದು.

ಖಾನಾವಳಿ ಮತ್ತು ಮೆಸ್ಸುಗಳು

ಹುಬ್ಬಳ್ಳಿ–ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಕೆಲಸಕ್ಕೆ, ವಿಧಾನಸೌಧದ ಓಡಾಟಕ್ಕೆ, ಓದಿಗೆ ಬರುವವರಿಗಾಗಿ ಗಾಂಧಿನಗರ, ಆನಂದರಾವ್ ವೃತ್ತ, ರಾಜಾಜಿನಗರ, ವಿಜಯನಗರ ಸುತ್ತಮುತ್ತ ಖಾನಾವಳಿಗಳು ಹುಟ್ಟಿಕೊಂಡವು. ಕೈಯಲ್ಲಿ ಬಡಿದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು, ಮೊಸರು, ಕೊನೆಗೆ ಅನ್ನ–ಸಾರು ಇಲ್ಲಿನ ಊಟ. ಆಂಧ್ರ ಮೆಸ್ಸುಗಳು ಪಪ್ಪು, ಗೋಂಗೂರ, ಪುಡಿ–ತುಪ್ಪದ ಅನ್ನವನ್ನೂ ಕೇರಳದ ಚಿಕ್ಕ ಹೋಟೆಲುಗಳು ಪುಟ್ಟು–ಕಡಲೆ, ಕುಸುಬಲಕ್ಕಿ ಅನ್ನವನ್ನೂ ನಗರಕ್ಕೆ ತಂದಿವೆ. ಪಿಜಿಗಳಲ್ಲಿ ಇರುವ ಯುವಕ–ಯುವತಿಯರಿಗೆ ತಿಂಗಳ ಲೆಕ್ಕದ ಮೆಸ್ಸು ಮನೆಯೂಟಕ್ಕೆ ಹತ್ತಿರದ ಆಸರೆ.

ತಳ್ಳುಗಾಡಿ ಮತ್ತು ಇಂದಿರಾ ಕ್ಯಾಂಟೀನ್

ಹೋಟೆಲಿನ ದರವೂ ಹೆಚ್ಚೆನಿಸುವವರಿಗೆ ತಳ್ಳುಗಾಡಿಯೇ ಗತಿ. ಬಸ್ ನಿಲ್ದಾಣ, ಗಾರ್ಮೆಂಟ್ಸ್ ಕಾರ್ಖಾನೆ, ಆಸ್ಪತ್ರೆ, ಕಟ್ಟಡ ಕೆಲಸದ ಜಾಗಗಳ ಬಳಿ ಬೆಳಗ್ಗೆ ಬಂದು ನಿಲ್ಲುವ ಗಾಡಿಗಳಲ್ಲಿ ಇಡ್ಲಿ, ಚಿತ್ರಾನ್ನ, ಪಲಾವ್ ಸಿಗುತ್ತವೆ. ಇವುಗಳಲ್ಲಿ ಬಹಳಷ್ಟನ್ನು ಗಂಡ–ಹೆಂಡತಿ ಸೇರಿ ನಡೆಸುತ್ತಾರೆ. ಅಡುಗೆ ಅವರ ಮನೆಯಲ್ಲೇ ಆಗುತ್ತದೆ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸಲು 2014ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಇವರಿಗೂ ಅನ್ವಯಿಸುತ್ತದೆ.

ರಾಜ್ಯ ಸರ್ಕಾರ 2017ರ ಆಗಸ್ಟ್ 16ರಂದು ಆರಂಭಿಸಿದ ಇಂದಿರಾ ಕ್ಯಾಂಟೀನುಗಳಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ದರ ನಿಗದಿಯಾಯಿತು. ಆಗಿನ 198 ವಾರ್ಡುಗಳಿಗೂ ಒಂದೊಂದು ಕ್ಯಾಂಟೀನು ಎಂಬುದು ಯೋಜನೆ. ಪೌರಕಾರ್ಮಿಕರು, ಆಟೋ ಚಾಲಕರು, ಕೂಲಿಗಳು, ವಿದ್ಯಾರ್ಥಿಗಳು ಇವುಗಳ ಮುಖ್ಯ ಬಳಕೆದಾರರು.

ದರ ಮತ್ತು ವೆಚ್ಚ

ಈ ಹೋಟೆಲುಗಳ ಲಾಭ ಒಂದು ತಟ್ಟೆಯಲ್ಲಿ ಅತಿ ಸಣ್ಣದು. ದಿನಕ್ಕೆ ಎಷ್ಟು ತಟ್ಟೆ ಹೋಯಿತೆಂಬುದರ ಮೇಲೆ ಉಳಿವು ನಿಂತಿದೆ. ಅಕ್ಕಿ, ಉದ್ದು, ಎಣ್ಣೆ, ಕಾಫಿಪುಡಿ, 19 ಕಿಲೋ ವಾಣಿಜ್ಯ ಸಿಲಿಂಡರ್, ಬಾಡಿಗೆ, ಸಂಬಳ ಯಾವುದು ಏರಿದರೂ ಪೆಟ್ಟು ನೇರ. ನಂದಿನಿ ಹಾಲಿನ ದರ ಲೀಟರಿಗೆ 2023ರ ಆಗಸ್ಟ್ 1ರಿಂದ 3 ರೂಪಾಯಿ, 2025ರ ಏಪ್ರಿಲ್ 1ರಿಂದ 4 ರೂಪಾಯಿ ಏರಿದಾಗ ಕಾಫಿಯ ದರ ಏರಿಸುವುದೋ ಲೋಟ ಕಿರಿದಾಗಿಸುವುದೋ ಎಂಬ ಪ್ರಶ್ನೆ ಎಲ್ಲ ಮಾಲೀಕರ ಮುಂದೆಯೂ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಹೋಟೆಲಿನ ತೆರಿಗೆ ಶೇಕಡಾ 12 ಇಲ್ಲವೇ 18 ಇತ್ತು. ಅದೇ ವರ್ಷದ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ ಶೇಕಡಾ 5ಕ್ಕೆ ಇಳಿಯಿತು. ಚಿಲ್ಲರೆಯ ತೊಂದರೆಯನ್ನು ಕ್ಯೂಆರ್ ಕೋಡ್ ನೀಗಿಸಿತು. ಆದರೆ 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಹಲವರು ಮತ್ತೆ ನಗದಿಗೆ ಮರಳಿದರು.

ಕರಾವಳಿಯ ಹುಡುಗರು ಓದಿ ಬೇರೆ ಉದ್ಯೋಗಗಳಿಗೆ ಹೋದ ಮೇಲೆ ಅಡುಗೆಮನೆಗಳಲ್ಲಿ ಒಡಿಶಾ, ಅಸ್ಸಾಂ, ಬಿಹಾರ, ನೇಪಾಳದ ಕೆಲಸಗಾರರು ತುಂಬಿದ್ದಾರೆ. ಅವರೂ ಲೋಟ ತೊಳೆಯುವುದರಿಂದ ತೊಡಗಿ ದೋಸೆ ಹುಯ್ಯುವವರೆಗೆ ಕಲಿಯುತ್ತಿದ್ದಾರೆ.

ಸಾಮಾಜಿಕ ಮಹತ್ವ

ಆರಂಭದ ಹೋಟೆಲುಗಳಲ್ಲಿ ಜಾತಿಯ ಗಡಿಗಳು ಗಟ್ಟಿಯಾಗಿದ್ದವು. ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ. ದಲಿತರಿಗೆ ಪ್ರವೇಶವೇ ಇಲ್ಲ ಎಂಬ ಸ್ಥಿತಿ ಹಲವೆಡೆ ಇತ್ತು. ಸಂವಿಧಾನದ 15ನೆಯ ವಿಧಿ ಸಾರ್ವಜನಿಕ ಹೋಟೆಲುಗಳಲ್ಲಿ ಇಂಥ ಭೇದವನ್ನು ತಡೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ಶಿಕ್ಷಾರ್ಹವಾಗಿಸಿತು. ಕಾನೂನು ಆರಂಭಿಸಿದ ಕೆಲಸಕ್ಕೆ ದರ್ಶಿನಿಯ ಏರ್ಪಾಡು ಬಲ ಕೊಟ್ಟಿತು. ಯಾರಿಗೂ ಮೀಸಲು ಜಾಗವಿಲ್ಲದ ಕಟ್ಟೆಯ ಮುಂದೆ ಕಾರಿನವರೂ ಕೂಲಿಯವರೂ ಪಕ್ಕಪಕ್ಕ ನಿಂತು ಒಂದೇ ದರದ, ಒಂದೇ ಬಾಣಲೆಯ ವಡೆ ತಿನ್ನುತ್ತಾರೆ. ಒಬ್ಬಂಟಿಯಾಗಿ ಬಂದ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ತಿಂಡಿ ತಿಂದು ಹೋಗಬಲ್ಲ ಜಾಗವೂ ಇದು.

ವಿಸ್ತಾರ ಮತ್ತು ಬದಲಾವಣೆ

ಕರಾವಳಿಯ ಇದೇ ಹೋಟೆಲು ಸಂಪ್ರದಾಯ ಮುಂಬಯಿಗೂ ಹೋಯಿತು. ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ಎ. ರಾಮನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಎಲೆಯೂಟ ಬಡಿಸುತ್ತಿದೆ. ಮಾವಳ್ಳಿಯ ಹೋಟೆಲು ಸಿಂಗಪುರದಲ್ಲೂ ಶಾಖೆ ತೆರೆದಿದೆ.

ನಗರದೊಳಗೆ ಚಿತ್ರ ಮಿಶ್ರವಾಗಿದೆ. 2020ರ ಲಾಕ್‌ಡೌನ್‌ನಲ್ಲಿ ಪಾರ್ಸೆಲ್ ಒಂದನ್ನೇ ನಂಬಿ ಕೆಲವು ಹೋಟೆಲುಗಳು ಉಳಿದವು, ಕೆಲವು ಮುಚ್ಚಿದವು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಇತ್ತ 2021ರಲ್ಲಿ ಇಂದಿರಾನಗರದಲ್ಲಿ ಶುರುವಾದ ರಾಮೇಶ್ವರಂ ಕೆಫೆ ನಿಂತು ತಿನ್ನುವ ಮಾದರಿಯನ್ನೇ ಹೊಸ ಪೀಳಿಗೆಯ ಮುಂದಿಟ್ಟು ಗೆದ್ದಿತು. ಹೊಸ ಹೋಟೆಲುಗಳಲ್ಲಿ ತುಪ್ಪ, ಪುಡಿ ಹೆಚ್ಚಿವೆ, ದರವೂ ಹೆಚ್ಚಿದೆ.

ಮುಂದಿನ ದಿನಗಳಲ್ಲಿ ಈ ಹೋಟೆಲುಗಳು ಉಳಿಯುವುದು ಬಾಡಿಗೆ, ಇಂಧನ ಮತ್ತು ಹಾಲು–ದಿನಸಿಗಳ ಬೆಲೆ ಹಿಡಿತದಲ್ಲಿರುವುದರ ಮೇಲೆ ನಿಂತಿದೆ. ಕಟ್ಟಡಗಳಿಗೆ, ಉದ್ಯಾನಗಳಿಗೆ ಪಾರಂಪರಿಕ ಮಾನ್ಯತೆ ಕೊಡುವ ನಗರ ತನ್ನ ಹಳೆಯ ಅಡುಗೆಮನೆಗಳಿಗೂ ಅಷ್ಟೇ ಗಮನ ಕೊಡಬೇಕು. ದುಡಿಯುವವನು ದಿನಗೂಲಿಯ ಸಣ್ಣ ಭಾಗದಲ್ಲಿ ಬಿಸಿಯಾದ, ಶುಚಿಯಾದ ತಿಂಡಿ ತಿನ್ನಬಲ್ಲನೆಂಬುದು ಬೆಂಗಳೂರು ತನ್ನ ಜನರಿಗೆ ಒದಗಿಸಿರುವ ದೊಡ್ಡ ಅನುಕೂಲಗಳಲ್ಲಿ ಒಂದು.